ಹುಳುವಿಲ್ಲದ ಹುಳುಮನೆ

ಎಚ್ಚರವಾದ ಕೂಡಲೆ ಬೈರಪ್ಪ ಮಾಡಿದ ಮೊದಲ ಕೆಲಸವೆಂದರೆ ಉಡಿದಾರಕ್ಕೆ ಕಟ್ಟಿದ್ದ ಕೀಲಿಕೈಯನ್ನು ತಡವಿ ನೋಡಿದ್ದು. ಇತ್ತು. ಇದ್ದ ಮಾತ್ರಕ್ಕೆ ಅವನಿಗೆ ಸಮಾಧಾನವಾಗಲಿಲ್ಲ. ರಾತ್ರಿ ಬಿಚ್ಚಿಕೊಂಡು ಹೋದವರು ಬೆಳಗಿನ ಜಾವ ತಂದು ಮತ್ತೆ ಕಟ್ಟಿರಬಾರದೇಕೆ ಎಂದು ಗಂಟನ್ನು ಬೆರಳ ತುದಿಯಿಂದ ಪರೀಕ್ಷಿಸಿದ. ಗಂಟು ಅವನದೇ. ಆದರೆ ಈ ಕೀಲಿಕೈಗೆ ಎಲ್ಲೋ ಒಂದು ಅವಳಿ ಇದ್ದೇ ಇದೆ, ಯಾವುದೋ ಕಚೇರಿಯ ಮೇಜಿನ ಖಾನೆಯಲ್ಲಿ ತನ್ನ ಸರದಿಗಾಗಿ ಕಾದು ಮಲಗಿದೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಬೆನ್ನ ಹಿಂದೆ ಬಾಗಿಲು, ಬಾಗಿಲಿಗೆ ಬೀಗ, ಬಾಗಿಲ ಅಗಲಕ್ಕೆ ಅಡ್ಡಲಾಗಿ, ವರಾಂಡದ ತಣ್ಣನೆಯ ನೆಲದ ಮೇಲೆ, ಚಾಪೆ ಹಾಸಿಕೊಂಡು ಅವನು. ಹೊಸಿಲಿನುದ್ದಕ್ಕೂ ತಾನೇ ಎಳೆದಿದ್ದ ಸುಣ್ಣದ ಗೆರೆ ಕೆದರಿರಲಿಲ್ಲ. ಬಾಗಿಲ ಮೇಲೆ ಸಿಕ್ಕಿಸಿದ ಬೇವಿನ ಸೊಪ್ಪು ಬಾಡಿ ಬಣ್ಣಗೆಟ್ಟಿತ್ತು. ಮೈಸೂರಿನ ಕಡೆಗೆ ಹೋಗುವ ಮೊದಲ ರೈಲು ಬೆಟ್ಟಗಳ ನಡುವೆ ಸದ್ದನ್ನು ಚೆಲ್ಲಿ ಹೋಯಿತು. ಇವತ್ತು ನಗರಸಭೆಯ ಸಾಹೇಬರು ಬರುತ್ತಾರೆ, ಬಾಗಿಲು ತೆರೆಸುತ್ತಾರೆ. ಒಳಗೆ ಏನೂ ಇಲ್ಲ ಎಂಬುದು ಬೈರಪ್ಪನೊಬ್ಬನಿಗೇ ಗೊತ್ತಿತ್ತು.

ನಿನ್ನೆ ಸಂಜೆ ಭಾನುಪ್ರಿಯ ಬಂದು ಚಾಪೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಸಾಹೇಬರು ಬರುವುದನ್ನು ಹೇಳಿದ್ದಳು. ಸೂರಿಲ್ಲದವರಿಗೆಂದು ನಗರಸಭೆ ಅರ್ಕಾವತಿಯ ದಡದಲ್ಲಿ ಕಟ್ಟಿಸಿದ ಈ ಕಟ್ಟಡದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೋಣೆ. ಕೋಣೆಯಲ್ಲಿರುವವರನ್ನು ವಾರಕ್ಕೊಮ್ಮೆ ಬಂದು ವಿಚಾರಿಸಿಕೊಳ್ಳುವುದು ಅವಳ ಕೆಲಸ. ಒಬ್ಬನನ್ನು ಆಸ್ಪತ್ರೆಗೆ ಕರೆದೊಯ್ಯುವಳು, ಇನ್ನೊಬ್ಬಳ ಪಿಂಚಣಿಗೆ ಓಡಾಡುವಳು, ಕುಡಿತ ಬಿಡಲಾರದವನ ಎದುರು ಬೈಯದೆ ಕೂರುವಳು. ಬಯ್ಯದಿರುವುದೇ ಬೈರಪ್ಪನಿಗೆ ದೊಡ್ಡ ಅನುಮಾನ. ದುಡಿಸಿಕೊಂಡವರೂ ಬೈದಿದ್ದರು, ಅನ್ನ ಹಾಕಿದವರೂ ಬೈದಿದ್ದರು; ಬಯ್ಯದವರು ಏನನ್ನೋ ಉಳಿಸಿಕೊಂಡಿರುತ್ತಾರೆ. ಅವಳು ತನ್ನ ಫೋನಿನಲ್ಲಿ ಬೆರಳಾಡಿಸುವಾಗಲೆಲ್ಲ ಅವನು ತನ್ನ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದ. ನಿನ್ನೆ ಅವಳು ಫೋನನ್ನು ಕೈಚೀಲದೊಳಗೇ ಇಟ್ಟಿದ್ದಳು. "ತಾತ, ನಾಳೆ ಬಾಗ್ಲು ತೆಗ್ದು ತೋರಿಸ್ಬೇಕಾಗ್ತದೆ. ಒಳಗೆ ನೀವು ಬದುಕ್ತಾ ಇದ್ರೆ ಮನೆ ನಿಮ್ದು. ಇಲ್ಲ ಅಂದ್ರೆ ನನ್ನ ಕೈಲೂ ಏನಿಲ್ಲ," ಎಂದಿದ್ದಳು. ಆಮೇಲೆ ದನಿ ತಗ್ಗಿಸಿ, ಒಳಗಿನ ಹುಳು ಹಣ್ಣಾಗಿ ಗೂಡು ಕಟ್ಟುವುದಕ್ಕೆ ಇನ್ನೂ ಎಷ್ಟು ದಿನ ಬೇಕು ಎಂದು ಕೇಳಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ರೇಷ್ಮೆಹುಳು ಸಾಕಿದ ಮನೆಯ ಮಗಳಿಗೆ ಮಾತ್ರ ಬರುವ ಒಂದು ಬಗೆಯ ಎಚ್ಚರಿಕೆ ಅಲ್ಲಿತ್ತು. ಬೈರಪ್ಪ ಕೆಮ್ಮಿದ.

ಈ ಕೋಣೆಗೆ ಬರುವ ಮೊದಲು ಅವನು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮಲಗುತ್ತಿದ್ದ. ಮಾರುಕಟ್ಟೆಯಲ್ಲಿ ಮಲಗುವುದರಲ್ಲಿ ಒಂದು ಮರ್ಯಾದೆಯಿತ್ತು. ಗೂಡು ತಂದು ಹರಾಜಿಗೆ ಕಾಯುವ ರೈತರ ನಡುವೆ ಹಳೆಯ ಚೀಲವೊಂದನ್ನು ತಲೆಗಿಟ್ಟುಕೊಂಡು ಮಲಗಿದರೆ ಯಾರಾದರೂ ಯಾವೂರಿನ ಗೂಡು ಎಂದು ಕೇಳುವರು, ಹೊಂಗನೂರಿಂದು ಎಂದರೆ ತಲೆಯಾಡಿಸುವರು. ಕಾವಲುಗಾರನೊಬ್ಬ ಚೀಲ ಬಿಚ್ಚಿಸಿ ಒಳಗೆ ಹಳೆ ಪಂಚೆ, ಹಳೆ ಚಾದರ ಕಂಡು ಎಲ್ಲರೆದುರು ನಕ್ಕ ಮೇಲೆ ಬಸ್ ಸ್ಟ್ಯಾಂಡು. ಬಸ್ ಸ್ಟ್ಯಾಂಡಿನಲ್ಲಿ ವ್ಯಾನಿನ ಮಾತು. ವ್ಯಾನಿನಲ್ಲಿ ಕರೆದುಕೊಂಡು ಹೋಗಿ ಮೂತ್ರಪಿಂಡ ತೆಗೆದುಕೊಳ್ಳುತ್ತಾರೆ ಎಂದು ಅಲ್ಲಿಯ ಹಣ್ಣಿನವಳು ಕಣ್ಣಾರೆ ಕಂಡವಳಂತೆ ಹೇಳಿದ್ದಳು. ವ್ಯಾನು ಬಂದಾಗ ಅದರಿಂದ ಇಳಿದವಳು ಈ ಭಾನುಪ್ರಿಯ. ಮೊದಲು ಒಂದು ದೊಡ್ಡ ಹಾಲ್, ಸಾಲು ಹಾಸಿಗೆ, ಬೆಳಗಾಗುತ್ತಲೇ ಎಲ್ಲರೂ ಎದ್ದು ಹೊರಡಬೇಕು. ಅದು ಅವನಿಗೆ ಅರ್ಥವಾಗುವಂಥದ್ದಾಗಿತ್ತು, ಹೊರಡು ಎನ್ನುವವರಲ್ಲಿ ಮೋಸವಿರುವುದಿಲ್ಲ. ಆಮೇಲೆ ಈ ಕೋಣೆ. ಮಂಚ, ಫ್ಯಾನು, ನಲ್ಲಿ, ಅವನ ಹೆಸರು ಬರೆದ ಒಂದು ತಗಡು. ಯಾತಕ್ಕೆ ಎಂದು ಕೇಳಿದ್ದ. ಮೊದಲು ಮನೆ, ಮಿಕ್ಕಿದ್ದೆಲ್ಲ ಆಮೇಲೆ ಎಂದಿದ್ದಳು ಅವಳು. ರಸ್ತೆಯಲ್ಲಿ ನಿಂತವನಿಗೆ ಕೆಲಸ ಹುಡುಕು, ಔಷಧಿ ನುಂಗು, ನೆಟ್ಟಗಾಗು, ಆಮೇಲೆ ಮನೆ ಕೊಡುತ್ತೇವೆ ಎಂದರೆ ಯಾವನಿಗೆ ಸಾಧ್ಯ, ಒಳಗೆ ಸೇರಿದ ಮೇಲೆ ತಾನೆ ಒಂದೊಂದೇ ನೆಟ್ಟಗಾಗುವುದು ಎಂದು ಅವಳು ವಿವರಿಸುತ್ತಿದ್ದರೆ ಬೈರಪ್ಪ ಆ ಮಿಕ್ಕಿದ್ದು ಎಂಬ ಮಾತಿಗೇ ಅಂಟಿಕೊಂಡಿದ್ದ. ಆಮೇಲೆ ಬರುವ ಆ ಮಿಕ್ಕಿದ್ದು ಏನು?

ಬಂದ ದಿನ ಬೀಗ ತೆಗೆದು ಒಳಗೆ ಕಾಲಿಟ್ಟ. ಹೊಸ ಸುಣ್ಣಬಣ್ಣದ ವಾಸನೆ, ಒಂದು ಕಿಟಕಿ, ಕಿಟಕಿಯಿಂದ ಬಿದ್ದ ಬೆಳಕು ನೆಲದ ಮೇಲೆ ಯಾರೂ ಕೂರದ ಚಾಪೆಯಂತೆ ಹರಡಿತ್ತು. ಇಂಥ ಕೋಣೆಗಳನ್ನು ಅವನು ಕಂಡಿದ್ದ, ಆದರೆ ಮನುಷ್ಯರಿಗಾಗಿ ಅಲ್ಲ. ಹೊಂಗನೂರಿನ ಸುತ್ತ ಯಾರ ಮನೆಯಲ್ಲಿ ಹುಳು ಸಾಕಿದರೂ ಬೈರಪ್ಪನಿಗೆ ಕರೆ ಬರುತ್ತಿತ್ತು. ಮನೆಯ ಒಳ್ಳೆಯ ಕೋಣೆ ಹುಳುವಿಗೆ. ತೊಳೆದು, ಸುಣ್ಣ ಬಳಿದು, ಗಾಳಿ ಹದಮಾಡಿ, ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿದ ಮೇಲೆ ಮನೆಯವರು ಜಗಲಿಗೆ ಬರುವರು. ಮುದುಕರು, ಬಾಣಂತಿ, ಎಲ್ಲರೂ ಹೊರಗೆ. ಕೊನೆಯ ಜ್ವರ, ಅಂದರೆ ನಾಲ್ಕನೆಯ ಸಲ ಪೊರೆ ಬಿಡುವ ನಿದ್ದೆ, ಅದರಿಂದ ಹುಳು ಎದ್ದು ಹಗಲಿರುಳೂ ಸೊಪ್ಪು ಮೇಯತೊಡಗಿದರೆ ಮುಚ್ಚಿದ ಬಾಗಿಲ ಹಿಂದೆ ಮಳೆ ಹಿಡಿದಂತೆ ಸದ್ದು. ಬೀಡಿ ಸೇದಿದವನು ಒಳಗೆ ಹೋಗುವಂತಿಲ್ಲ, ಅತ್ತರು ಹಚ್ಚಿದವನು ಹೋಗುವಂತಿಲ್ಲ, ಹೊರಗಿನ ಕಣ್ಣು ಬೀಳುವಂತಿಲ್ಲ. ಇರುವೆ ಬರದಂತೆ, ಇಲಿ ಬರದಂತೆ, ನೆಂಟರು ಬರದಂತೆ ಹೊಸಿಲಿಗೆ ಅಡ್ಡಲಾಗಿ ಮಲಗುವವನು ಬೈರಪ್ಪ. ಗೂಡು ಕಟ್ಟಿ ಮುಗಿದರೆ ಇನ್ನೊಂದು ಊರು, ಇನ್ನೊಂದು ಹೊಸಿಲು. ಹೀಗೆ ಎಷ್ಟೋ ಮನೆಗಳ ಬಾಗಿಲಲ್ಲಿ ಮಲಗಿದವನಿಗೆ ತನಗೊಂದು ಮನೆಯಿಲ್ಲ ಎಂಬುದು ಗೊತ್ತಾದದ್ದು, ರೈತರು ತೋಟದಲ್ಲಿ ಹುಳುವಿಗೆಂದೇ ಬೇರೆ ಶೆಡ್ಡು ಕಟ್ಟಿಸಿ, ಬಾಗಿಲಲ್ಲಿ ಮಲಗುವವನು ಬೇಡವಾದಾಗ.

ಶೆಡ್ಡುಗಳಿಗೂ ಮುಂಚೆ ಇನ್ನೊಂದು ಆಗಿತ್ತು. ಅದನ್ನು ನೆನೆಯಬಾರದೆಂದು ಚಾಪೆ ಸುತ್ತುತ್ತ ಬೈರಪ್ಪ ವರಾಂಡದ ಕಟಾಂಜನದಾಚೆ ನೋಡಿದ. ಹೊಳೆಯ ಕಪ್ಪು ನೀರಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ ಉಬ್ಬಿಕೊಂಡು ನಿಂತಿತ್ತು. ಒಂದು ವರ್ಷ ಹುಳು ಹಣ್ಣಾಗುವ ಹೊತ್ತಿಗೆ ಸೋತವು, ತಟ್ಟೆ ತಟ್ಟೆಯೇ ಕರಗಿ ನೀರಾಯಿತು. ಮನೆಯ ಯಜಮಾನ ಬೈಯಲಿಲ್ಲ. ಬೈರಪ್ಪನ ಉಸಿರು ಒಳ್ಳೆಯದಲ್ಲವೇನೋ ಎಂದು ಹೆಂಡತಿಗೆ ಮೆತ್ತಗೆ ಹೇಳಿದ, ಅಷ್ಟೆ. ಸತ್ತ ಹುಳುವನ್ನು ಗುಂಡಿಗೆ ಹಾಕಿ ಸುಣ್ಣ ಸುರಿದರು. ಉಳಿದ ಸುಣ್ಣವನ್ನು ತಂದು ಆ ಹೆಂಗಸು ಬಾಗಿಲಲ್ಲಿ ಅವನು ಮಲಗುತ್ತಿದ್ದ ಜಾಗದ ಮೇಲೆ, ಅವನ ಮೈಯಷ್ಟೇ ಉದ್ದಕ್ಕೆ, ಚಿಮುಕಿಸಿದಳು. ಅವನು ಅಲ್ಲೇ ಕಂಬಕ್ಕೊರಗಿ ನಿಂತು ನೋಡುತ್ತಿದ್ದ. ಬೆಳ್ಳಗೆ ಬಿದ್ದ ಆ ಆಕೃತಿ ಎದ್ದು ಹೊರಟುಹೋಗುವುದೇನೋ ಎಂದು ಕಾದಿದ್ದ. ಈಗಲೂ ಮುಚ್ಚಿದ ಕೋಣೆಯೊಳಗೆ ಉಸಿರಾಡುವಾಗ ಅವನಿಗೆ ತನ್ನ ಉಸಿರು ಗೋಡೆಯನ್ನು ಮುಟ್ಟಿ ಏನನ್ನೋ ಕೆಡಿಸಿ ಹಿಂದಿರುಗಿದಂತೆ ಕೇಳಿಸುತ್ತದೆ. ಬಂದ ದಿನ ಈ ಕೋಣೆಯೊಳಗೆ ನಿಂತಾಗಲೂ ಕೇಳಿಸಿತು. ಹೊರಗೆ ಬಂದ, ಬಾಗಿಲೆಳೆದ, ಬೀಗ ಹಾಕಿದ. ಇಷ್ಟು ಚೆನ್ನಾದ ಕೋಣೆ ಕೆಡಬಾರದು. ಕೆಟ್ಟರೆ ಅದರ ಲೆಕ್ಕ ಯಾರ ತಲೆಗೆ ಎಂಬುದೂ ಅವನಿಗೆ ಗೊತ್ತಿತ್ತು. ಬಚ್ಚಲು ನೀರಿಗೆ ವರಾಂಡದ ತುದಿಯ ಕಾವಲುಗಾರನ ಕೋಣೆ ಸಾಕು. ಅನ್ನ ಕೆಳಗಿನ ಅಡುಗೆಮನೆಯಲ್ಲಿ ಎಲ್ಲರ ಜತೆ. ಕೋಣೆ ಹಾಗೇ ಇರಲಿ ಎಂದು ಹೊಸಿಲಿಗೆ ಸುಣ್ಣ ಎಳೆದು, ಬಾಗಿಲಿಗೆ ಬೇವು ಸಿಕ್ಕಿಸಿ, ಹಳೆಯ ರೂಢಿಯಂತೆ ಅಡ್ಡ ಮಲಗಿದ.

ಇಷ್ಟರಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಈ ಕಟ್ಟಡದಲ್ಲಿ ಹುಳು ಕಾಣದವರು, ನೂಲು ಮುಟ್ಟದವರು ಯಾರಿದ್ದರು? ಬೇರೆ ಸೀಮೆಯವರಾಗಿದ್ದರೆ ಬಾಗಿಲಲ್ಲಿ ಬೇವು, ಹೊಸಿಲಿಗೆ ಸುಣ್ಣ, ಹೊರಗೆ ಮಲಗಿದ ಮುದುಕ ಇವೆಲ್ಲ ಕಂಡು ಹುಚ್ಚು ಎಂದುಕೊಳ್ಳುತ್ತಿದ್ದರೇನೋ. ಇವರು ಹಾಗೆಂದುಕೊಳ್ಳಲಿಲ್ಲ. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ನಟರಾಜು, ಎದುರು ಕೋಣೆಯವನು, ಒಂದು ಸಂಜೆ ಬಾಯಲ್ಲಿದ್ದ ಬೀಡಿಯನ್ನು ತಾನಾಗಿ ದೂರ ಎಸೆದು ಹತ್ತಿರ ಬಂದು ಕೂತ. ಬಾಗಿಲ ಕಡೆ ಗದ್ದ ಎತ್ತಿ, "ಏನ್ ಬೈರಣ್ಣ, ನಾಕ್ನೇ ಜ್ವರ ಎದ್ದವಾ?" ಎಂದ. ಬೈರಪ್ಪನಿಗೆ ಆ ಪ್ರಶ್ನೆ ಎಷ್ಟು ವರ್ಷದ ಮೇಲೆ ಕಿವಿಗೆ ಬಿದ್ದಿತ್ತೆಂದರೆ, ಊಟ ಆಯಿತಾ, ಮಾತ್ರೆ ನುಂಗಿದೆಯಾ, ಬೆರಳು ಒತ್ತು ಎಂಬ ಪ್ರಶ್ನೆಗಳ ನಡುವಿನಿಂದ ಅದು ಯಾರೋ ಅವನ ಹೆಸರು ಹಿಡಿದು ಕರೆದಂತೆ ಬಂದಿತ್ತೆಂದರೆ, ಯೋಚಿಸುವ ಮೊದಲೇ ಬಾಯಿ ಉತ್ತರ ಕೊಟ್ಟಿತು. "ಎದ್ದವೆ. ಮೇವಿಗೆ ಬಿದ್ದವೆ," ಎಂದ. ನಟರಾಜು ಬಾಗಿಲಿಗೆ ಕಿವಿ ಕೊಟ್ಟು ಒಂದು ಕ್ಷಣ ಕೂತು, ತಲೆಯಾಡಿಸಿ, ಸದ್ದಾಗದಂತೆ ಎದ್ದು ಹೋದ. ಏನು ಕೇಳಿಸಿತೋ ಅವನಿಗೆ.

ಮಾರನೆಯ ದಿನದಿಂದ ವರಾಂಡ ಬದಲಾಯಿತು. ಪಕ್ಕದ ಕೋಣೆಯ ಹಾಜಿರಾ, ಬಿಸಿನೀರಿನಲ್ಲಿ ಗೂಡು ಬಿಚ್ಚಿ ಬಿಚ್ಚಿ ಬೆರಳುಗಳು ಬೆಂದ ಹೆಂಗಸು, ಶುಕ್ರವಾರದ ಊದುಬತ್ತಿಯನ್ನು ಈ ಕಡೆ ತರುವುದು ಬಿಟ್ಟಳು. ರೇಡಿಯೋ ಸಣ್ಣಗಾಯಿತು. ಮೆಟ್ಟಿಲು ಹತ್ತಿ ಬರುವವರು ಬೈರಪ್ಪನ ಬಾಗಿಲ ಹತ್ತಿರ ಹೆಜ್ಜೆ ಹಗುರ ಮಾಡುತ್ತಿದ್ದರು. ಯಾರೋ ಒಂದು ಹೊರೆ ಹಿಪ್ಪುನೇರಳೆ ಸೊಪ್ಪು ತಂದು ಹೊಸಿಲ ಬಳಿ ಇಟ್ಟು ಹೋದರು. ಅದನ್ನು ಅವನು ಕತ್ತಲಾದ ಮೇಲೆ ಹೊಳೆಗೆ ಎಸೆದು ಬಂದ. ಹೊಟ್ಟೆಗೆ ಬಿದ್ದ ಅನ್ನಕ್ಕಿಂತ ಈ ಹಗುರ ಹೆಜ್ಜೆಗಳು ಅವನಿಗೆ ಹಿತವಾಗಿದ್ದವು, ಹಿತವಾದದ್ದರಿಂದಲೇ ಅವುಗಳ ಹಿಂದೆ ಏನಿದೆಯೋ ಎಂದು ಚಾಪೆಯ ಮೇಲೆ ಮಗ್ಗುಲು ಬದಲಿಸುತ್ತಿದ್ದ. ಪಾಲು ಕೇಳುತ್ತಾರೆಯೆ? ಗೂಡಾದ ದಿನ ಬಾಗಿಲು ಒಡೆಯುತ್ತಾರೆಯೆ? ಇವರಲ್ಲೇ ಒಬ್ಬರು ಹೋಗಿ ಹೇಳಿರಬೇಕು, ಇಲ್ಲದಿದ್ದರೆ ಸಾಹೇಬರಿಗೆ ಹೇಗೆ ಗೊತ್ತಾಯಿತು. ನಟರಾಜುವಿನ ಮೇಲೆ ಒಂದು ದಿನ, ಹಾಜಿರಾಳ ಮೇಲೆ ಒಂದು ದಿನ ಗುಮಾನಿ ಇಟ್ಟು ನೋಡಿದ. ಯಾರ ಮೇಲೂ ಅದು ನಿಲ್ಲಲಿಲ್ಲ, ಯಾರ ಮೇಲಿಂದಲೂ ಇಳಿಯಲೂ ಇಲ್ಲ.

ಇವತ್ತು ಬೆಳಿಗ್ಗೆ ಹಾಜಿರಾ ಚಹಾ ತಂದು ಸುಣ್ಣದ ಗೆರೆಯಿಂದ ಒಂದು ಮಾರು ಈಚೆಗೇ ಇಟ್ಟಳು. ಸಾಹೇಬರು ಬರುವ ವಿಷಯ ಎಲ್ಲರಿಗೂ ಗೊತ್ತಾಗಿತ್ತು. ಅವಳೂ ನಟರಾಜುವೂ ಆಗಲೇ ಮಾತಾಡಿಕೊಂಡಿದ್ದರು. "ನೀವ್ ಸುಮ್ನೆ ಕೂರಿ ಬೈರಣ್ಣ. ಮೇಯೋ ಹುಳದ ಮೇಲೆ ಬೂಟು ಕಾಲಲ್ಲಿ ನುಗ್ಗೋಕೆ ನಾವ್ ಬಿಡಲ್ಲ. ಗೂಡು ಕಟ್ಲಿ, ಆಮೇಲೆ ಬಂದು ಏನ್ ಬೇಕಾದ್ರೂ ಬರ್ಕೊಳ್ಳಿ," ಎಂದಳು. ಬೈರಪ್ಪ ಚಹಾ ಕುಡಿದ. ಅವಳ ಬೆರಳುಗಳ ಸುಕ್ಕು, ಚರ್ಮದ ಮೇಲೆ ಇನ್ನೂ ಉಳಿದ ಬಿಸಿನೀರಿನ ಬಿಳುಪು ಕಂಡು, ಇಲ್ಲ ಹಾಜಿರಮ್ಮ, ಒಳಗೆ ಏನೂ ಇಲ್ಲ ಎಂದು ಈಗಲೇ ಹೇಳಿಬಿಡಬಹುದು ಎನಿಸಿತು. ಹೇಳಿದರೆ ಈ ಚಹಾ ನಾಳೆ ಬರುತ್ತದೆಯೆ? ಹುಳುವಿಗಾಗಿ ಬಂದ ಚಹಾ ಇದು, ತನಗಾಗಿ ಅಲ್ಲ. ಹುಳು ಇವೆ ಎಂದರೆ ವ್ಯಾಪಾರಕ್ಕೆ ಬಳಸಿದ ಎಂದು ಕೋಣೆ ಹೋಗುತ್ತದೆ. ಇಲ್ಲ ಎಂದರೆ ಬಾಗಿಲು ತೆರೆಯುತ್ತಾರೆ, ಹೊದಿಸಿದ ಪ್ಲಾಸ್ಟಿಕ್ಕು ಹಾಗೇ ಇರುವ ಮಂಚ ಕಾಣುತ್ತಾರೆ, ವಾಸವಿಲ್ಲ ಎಂದು ಕೋಣೆ ಹೋಗುತ್ತದೆ. ಎರಡು ದಾರಿಯ ತುದಿಯಲ್ಲೂ ಬಸ್ ಸ್ಟ್ಯಾಂಡಿನ ಅದೇ ಸಿಮೆಂಟು ಬೆಂಚು ಕಾದು ಕೂತಿತ್ತು. ಅವನು ಲೋಟವನ್ನು ತೊಳೆದು ಕೊಡುವುದಾಗಿ ಹೇಳಿದ, ಅವಳು ಬೇಡವೆಂದು ಕಿತ್ತುಕೊಂಡು ಹೋದಳು.

ಮಧುಕುಮಾರ್ ಎಂಬ ಆ ಸಾಹೇಬರು ಬಿಸಿಲೇರುವ ಹೊತ್ತಿಗೆ ಭಾನುಪ್ರಿಯಳ ಜತೆ ಮೆಟ್ಟಿಲು ಹತ್ತಿ ಬಂದರು. ಇನ್ನೂ ವಯಸ್ಸಾಗದ ಮನುಷ್ಯ, ಇಸ್ತ್ರಿ ಅಂಗಿ, ಅವರಿಗಿಂತ ಮುಂಚೆಯೇ ಬಂದು ತಲುಪಿದ ಅತ್ತರಿನ ವಾಸನೆ. ನಟರಾಜು ಎದ್ದು ಅಡ್ಡ ನಿಂತ. ಸೆಂಟು ಹಾಕಿಕೊಂಡು ಆ ಗೆರೆ ದಾಟುವಂತಿಲ್ಲ ಎಂದು, ಸಿಟ್ಟಿಲ್ಲದೆ, ನೆಂಟನಿಗೆ ಹೇಳುವಂತೆ ಹೇಳಿದ. ಸಾಹೇಬರು ನಗುವುದಕ್ಕೆ ಬಾಯಿ ತೆರೆದು ಕೆಳಗೆ ನೋಡಿದರು. ಸುಣ್ಣದ ಗೆರೆ ಕಂಡಿತು. ಆಗ ನಡೆದದ್ದು ಬೈರಪ್ಪನ ಕಣ್ಣಿಗೆ ಮಾತ್ರ ಬಿದ್ದಿರಬೇಕು: ಅವರ ಒಂದು ಕಾಲು, ಅವರನ್ನು ಕೇಳದೆಯೇ, ಇನ್ನೊಂದು ಕಾಲಿನ ಬೂಟಿನ ಹಿಮ್ಮಡಿಯನ್ನು ಒತ್ತಿ ಕಳಚತೊಡಗಿತ್ತು. ಆಮೇಲೆ ನೆನಪಾಗಿ ಮತ್ತೆ ತೂರಿಸಿಕೊಂಡರು. ದೊಡ್ಡಆಲಹಳ್ಳಿ ಕಡೆಯ ರೈತರ ಮಗ ಎಂದು ಯಾರೋ ಅಂದಿದ್ದರು. ಇವನೂ ಜಗಲಿಯ ಮೇಲೆ ಮಲಗಿ ಬೆಳೆದವನೇ. ಅದರಿಂದ ಬೈರಪ್ಪನಿಗೆ ಧೈರ್ಯ ಬರಲಿಲ್ಲ. ಗೊತ್ತಿರುವವನಿಗೆ ಸುಳ್ಳು ಬೇಗ ಕಾಣುತ್ತದೆ.

ಸಾಹೇಬರು ದನಿ ಎತ್ತಲಿಲ್ಲ. ಈ ಕೋಣೆ ಮನುಷ್ಯನ ವಾಸಕ್ಕೆ ಕೊಟ್ಟದ್ದು, ಇದಕ್ಕಾಗಿ ಬಸ್ ಸ್ಟ್ಯಾಂಡಿನಲ್ಲಿ ಇನ್ನೂ ಜನ ಕಾಯುತ್ತಿದ್ದಾರೆ, ಹುಳುವಿಗೆ ಕೊಡುವುದಾದರೆ ಅವರಿಗೆ ಏನು ಹೇಳಲಿ ಎಂದು ಕೇಳಿದರು. ನ್ಯಾಯವಾದ ಮಾತು. ನ್ಯಾಯವಾದ್ದರಿಂದ ಅದಕ್ಕೆ ಎಲ್ಲಿ ಕೈ ಹಾಕಿ ಹಿಡಿಯಬೇಕೆಂದು ತೋಚದೆ ಬೈರಪ್ಪ ನೆಲ ನೋಡಿದ. ಹಾಜಿರಾ ಏನೋ ಜೋರು ಮಾಡುತ್ತಿದ್ದಳು, ನಟರಾಜು ಇನ್ನು ಒಂದು ವಾರ ಬಿಡಿ ಎನ್ನುತ್ತಿದ್ದ. ತನ್ನ ಸುಳ್ಳಿನ ಪರವಾಗಿ ಇಷ್ಟು ಜನ ನಿಂತಿರುವುದು ನೋಡಿ ಅವನ ಕಿವಿ ಬಿಸಿಯಾಯಿತು. ಭಾನುಪ್ರಿಯ ಇವರ ನಡುವಿನಿಂದ ಬಂದು ಗೆರೆಯ ಈಚೆಗೆ ಕುಕ್ಕರುಗಾಲಲ್ಲಿ ಕೂತಳು. ಅವಳು ಇವನ ಮುಖ ನೋಡುತ್ತಿರಲಿಲ್ಲ, ಬಾಗಿಲನ್ನು ನೋಡುತ್ತಿದ್ದಳು. ಬಾಗಿಲ ಹಿಂದೆ ಹುಳು ಮೇಯುವ ಆ ಮಳೆಸದ್ದು ಇರಲಿಲ್ಲ. ಅದು ಅವಳಿಗೆ ಗೊತ್ತಾಗಿಹೋಯಿತು ಎಂದು ಬೈರಪ್ಪನಿಗೆ ಗೊತ್ತಾಯಿತು.

"ತಾತ, ಹುಳ ಐದಾವಾ?"

ಬೈರಪ್ಪ ಉಡಿದಾರದ ಕೀಲಿಕೈಯನ್ನು ಮುಟ್ಟಿ ನೋಡಿಕೊಂಡ.

"ಇಲ್ಲ ಕಣವ್ವ."

"ಯಾವತ್ತಾರ ಇದ್ವಾ?"

"ಇಲ್ಲ."

ನಟರಾಜು ಮೂಗಿನಲ್ಲಿ ನಕ್ಕ ಸದ್ದು ಕೇಳಿತು. "ಥೂ, ನಿನ್ನ. ಬೀಡಿ ಬುಟ್ಟಿದ್ನಲ್ಲಾ ಮಾರಾಯ," ಎಂದ ಅವನು, ಯಾರಿಗೂ ಅಲ್ಲ ಎಂಬಂತೆ. ಹಾಜಿರಾ ನಗಲಿಲ್ಲ. ಅವಳ ಮುಖದಲ್ಲಿ ಒಂದು ಬಾಗಿಲು ನಿಧಾನವಾಗಿ ಮುಚ್ಚಿಕೊಳ್ಳುತ್ತಿತ್ತು, ಅಥವಾ ತೆರೆದುಕೊಳ್ಳುತ್ತಿತ್ತು. ಅದನ್ನು ನೋಡಿ ತಿಳಿಯುವಷ್ಟು ಹೊತ್ತು ಬೈರಪ್ಪ ಅವಳ ಕಡೆ ಕಣ್ಣೆತ್ತಲಾರದೆ ಹೋದ. ಸಾಹೇಬರು ನಿಟ್ಟುಸಿರಿಟ್ಟು, ಹಾಗಾದರೆ ಈ ಮನೆಯಲ್ಲಿ ಇರುವವರು ಯಾರು ಎಂದು ಕೇಳಿದರು. ಅದು ತನ್ನನ್ನು ಕೇಳಿದ್ದೋ ಭಾನುಪ್ರಿಯಳನ್ನು ಕೇಳಿದ್ದೋ ಎಂಬುದು ಸ್ಪಷ್ಟವಿರಲಿಲ್ಲ. ಭಾನುಪ್ರಿಯಳ ಬಳಿ ಉತ್ತರವಿತ್ತು, ಇವನು ಒಳಗೆ ಮಲಗಿಲ್ಲವೆಂದು ಅವಳು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು, ಹೇಳದೆ ಕೂತಳು. ಯಾತಕ್ಕೆ ಕೂತಿದ್ದಾಳೆ ಇವಳು? ಇವಳಿಗೆ ಏನು ಬೇಕು ನನ್ನಿಂದ? ಈ ಪ್ರಶ್ನೆಯನ್ನು ಅವನು ಎಷ್ಟು ಕಾಲದಿಂದ ಹೊತ್ತು ತಿರುಗಿದ್ದನೆಂದರೆ ಈಗ ಅದಕ್ಕೆ ಅವಳ ಮೌನವೇ ಸಿಕ್ಕಿದಾಗ, ಏನೂ ಬೇಕಿಲ್ಲದಿರಬಹುದು ಎಂಬ ಒಂದು ಹೊಸ ಅನುಮಾನ, ಹಳೆಯ ಅನುಮಾನಗಳಿಗಿಂತ ಹೆಚ್ಚು ಹೆದರಿಸುವಂಥದ್ದು, ಅವನೊಳಗೆ ಎದ್ದು ಕೂತಿತು.

ಅವನು ಎದ್ದ. ಗೋಡೆ ಹಿಡಿದ. ಉಡಿದಾರದ ಗಂಟನ್ನು ತಾನೇ ಬಿಚ್ಚಿದ. ಯಾರೂ ಸಹಾಯಕ್ಕೆ ಬರಲಿಲ್ಲ, ಅದು ಒಳ್ಳೆಯದಾಯಿತು. ಬೀಗ ತೆಗೆದ. ಗೆರೆ ದಾಟಿದ. ಸಾಹೇಬರು ಹಿಂದೆಯೇ ಬರುವವರಿದ್ದರು, ಆದರೆ ಬೈರಪ್ಪ ತಿರುಗಿ, ಅವರ ಎದೆಗೆ ತಾಗದಂತೆ, ಮೆಲ್ಲಗೆ, ಬಾಗಿಲು ಹಾಕಿದ. ಒಳಗಿನ ಚಿಲಕ ಎಲ್ಲಿದೆಯೆಂದು ಅವನಿಗೆ ತಿಳಿದಿರಲಿಲ್ಲ. ಬಾಗಿಲುಗಳ ಹೊರಮೈ ಮಾತ್ರ ಅವನಿಗೆ ಗೊತ್ತು; ಕೊಂಡಿ, ಚಿಲಕ, ಬೀಗ ಎಲ್ಲ ಹೊರಗಿನಿಂದ. ಕೈಯಿಂದ ಹುಡುಕಿದ. ಎದೆಯ ಎತ್ತರದಲ್ಲಿ ಸಿಕ್ಕಿತು, ಹೊಸದು, ಎಣ್ಣೆಯ ಜಿಡ್ಡು ಇನ್ನೂ ಇತ್ತು, ಒತ್ತಿದರೆ ಸಲೀಸಾಗಿ ಹೋಗಿ ಕೂತಿತು.

ಒಳಗೆ ಬೆಳಕು ಹಾಗೇ ನೆಲದ ಮೇಲಿತ್ತು. ಮಂಚದ ಅಂಚಿನಲ್ಲಿ ಕೂತರೆ ಪ್ಲಾಸ್ಟಿಕ್ಕು ಚರಪರ ಎಂದಿತು. ಉಸಿರು ಹಿಡಿದುಕೊಂಡ, ಎಷ್ಟು ಹೊತ್ತು ಹಿಡಿಯಲಾದೀತು, ಬಿಟ್ಟ. ಗೋಡೆಗೆ ಏನೂ ಆಗಲಿಲ್ಲ. ಇನ್ನೊಮ್ಮೆ, ಜೋರಾಗಿ, ಬೇಕೆಂದೇ ಬಿಟ್ಟ. ಕಿಟಕಿಯ ಸರಳಿನ ಮೇಲೆ ಒಂದು ನೊಣ ಮುಂಗಾಲುಗಳನ್ನು ಉಜ್ಜಿಕೊಳ್ಳುತ್ತಿತ್ತು, ಉಜ್ಜಿಕೊಳ್ಳುತ್ತಲೇ ಇತ್ತು. ಅವನು ಅದನ್ನು ಬಹಳ ಹೊತ್ತು ನೋಡಿದ, ಸಾಯುತ್ತದೆಯೇನೋ ಎಂದು. ಹೊರಗೆ ಗುಸುಗುಸು. ಮುದುಕನಿಗೆ ಏನಾದರೂ ಆಯಿತೇನೋ ಎಂದು ಹಾಜಿರಾಳ ದನಿ; ಇರಿ, ಸ್ವಲ್ಪ ಇರಿ ಎಂದು ಭಾನುಪ್ರಿಯ. ಅಷ್ಟು ಜನ ಆ ಕಡೆ ನಿಂತಿದ್ದಾರೆ, ತಾನೊಬ್ಬನೇ ಈ ಕಡೆ. ಹೀಗೆ ಯಾವತ್ತೂ ಆಗಿರಲಿಲ್ಲ. ಇದು ಅವರು ಹೂಡಿದ ಆಟವಾಗಿದ್ದರೆ ಆಟ ಇಲ್ಲಿಗೆ ಮುಟ್ಟುವುದೆಂದು ಅವರಿಗೂ ಗೊತ್ತಿದ್ದಿರಲಾರದು.

ಬಾಗಿಲು ಸದ್ದಾಯಿತು. ಬಡಿದದ್ದಲ್ಲ, ಬೆರಳ ಗೆಣ್ಣಿನಿಂದ ತಟ್ಟಿದ್ದು.

ಬೈರಪ್ಪ ಎದ್ದು ನಿಂತ. ಎಷ್ಟೋ ಬಾಗಿಲುಗಳನ್ನು ಅವನು ಹೀಗೆ ತಟ್ಟಿದ್ದ, ಒಳಗಿನಿಂದ ಒಂದು ದನಿ ಕೇಳುತ್ತಿತ್ತು, ನಾನು, ಹುಳದ ಬೈರ ಎಂದು ಹೊರಗೆ ನಿಂತು ಒಪ್ಪಿಸಬೇಕಾಗುತ್ತಿತ್ತು. ಗಂಟಲು ಸರಿಮಾಡಿಕೊಂಡ.

"ಯಾರದು?"

ಹೊರಗಿನಿಂದ, "ನಾನು. ಮಧುಕುಮಾರ್."

"ಯಾವ ಮಧುಕುಮಾರು?"

ಯಾರೋ ನಗು ತಡೆದುಕೊಂಡ ಸದ್ದು. "ನಗರಸಭೆಯಿಂದ ಬಂದಿದ್ದೀನಿ."

"ಏನಾಗ್ಬೇಕಿತ್ತು?"

ಆ ಕಡೆಯ ಮನುಷ್ಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಿಸಿದ್ದು ಬಾಗಿಲ ಕೆಳಗಿನ ಸಂದಿಯಲ್ಲಿ ನೆರಳಾಗಿ ಕಾಣಿಸಿತು. ಮತ್ತೆ ಮಾತಾಡಿದಾಗ ಸಾಹೇಬರ ದನಿಯಲ್ಲಿ ಅತ್ತರಿನ ಮನುಷ್ಯನಿರಲಿಲ್ಲ, ಹಳ್ಳಿಯ ಮನೆಯೊಂದರ ಮುಂದೆ ನಿಂತ ಯಾವನೋ ಒಬ್ಬನಿದ್ದ.

"ಏನಿಲ್ಲ ಯಜಮಾನ್ರೆ. ನೀವು ಮನೇಲಿದ್ದೀರಾ ಅಂತ ಕೇಳ್ಕೊಂಡು ಹೋಗೋಣ ಅಂತ ಬಂದಿದ್ದೆ."

ಬೈರಪ್ಪ ಆ ಮಾತನ್ನು ಎತ್ತಿ, ತಿರುಗಿಸಿ, ತಳ ನೋಡಿದ. ಒಳಗೆ ಯಾವ ಕೊಕ್ಕೆಯೂ ಕಾಣಲಿಲ್ಲ. ಕಾಣಲಿಲ್ಲವೆಂದು ನಂಬಿಬಿಡಲೂ ಇಲ್ಲ, ಇನ್ನೊಮ್ಮೆ ನೋಡಿದ. ಕೈ ಚಿಲಕದ ಮೇಲಿತ್ತು. ಅದನ್ನು ತೆಗೆಯಲಿಲ್ಲ.

"ಮನೇಲೇ ಇವ್ನಿ," ಎಂದ.